ಬಾಣಂತಿಗೆ ನೀರು ಹಾಕಲು ಬಂದವಳು

ಕುಮಟಾ
12 ಜೂನ್ 2022

ಗುರು,

ಒಂದು ದಿನ ನಿನ್ನ ಮೆಸೇಜು ಬರದಿದ್ದರೆ ಜಗಳ ತೆಗೆಯುತ್ತಿದ್ದವಳು ಇವತ್ತು ಪೋಸ್ಟ್ ಆಫೀಸಿನ ಸಾಲಿನಲ್ಲಿ ನಿಂತು ಲಕೋಟೆ ಕೊಂಡು ತಂದಿದ್ದೇನೆ. ನಗಬೇಡ. ನನ್ನ ಫೋನು ಈಗ ಶರಾವತಿಯ ಅಳಿವೆಯಲ್ಲಿದೆ. ಅಪ್ಪ ಎಸೆದರು.

ಹಿನ್ನೀರಿನ ಕಾಂಡ್ಲಾ ಕಾಡಿನ ಸೇತುವೆಯ ಮೇಲೆ ನಮ್ಮಿಬ್ಬರನ್ನು ನೋಡಿದ್ದು ಅಪ್ಪನ ಜೊತೆ ಬೋಟಿಗೆ ಹೋಗುವ ಜಟ್ಟ. ಬಂದರಿನಲ್ಲಿ ಹತ್ತು ಜನರ ಎದುರು, "ವೆಂಕಟಣ್ಣ, ನಿನ್ನ ಮಗಳು ಓದೂಕೆ ಹೋಗೂದಲ್ಲ, ತಿರುಗೂಕೆ ಹೋಗೂದು" ಎಂದನಂತೆ. ಅಪ್ಪ ಮನೆಗೆ ಬಂದು ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ನಾನೂ ಕೂಗಾಡಬಹುದಿತ್ತು. ಅವ್ವಿಯ ಕಡೆ ತಿರುಗಿ, "ನಾಳಿಂದ ಇದು ಈ ಮನೇಲಿ ಬೇಡ" ಎಂದರು, ಅಷ್ಟೇ. ಮರುದಿನ ಅವ್ವಿ ನನ್ನನ್ನು ಬಸ್ಸಿನಲ್ಲಿ ಕರೆತಂದು ಕುಮಟಾದಲ್ಲಿ ತನ್ನ ಅಕ್ಕ ಹನುಮಕ್ಕನ ಹತ್ತಿರ ಬಿಟ್ಟು ಹೋದಳು. ದೊಡ್ಡವ್ವಿ ಇಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಇರುತ್ತೇವೆ. ಬೆಳಿಗ್ಗೆ ನಾನು ಕಾಯಿ ತುರಿದುಕೊಡುತ್ತೇನೆ. ಡಿಗ್ರಿಯ ಕೊನೆಯ ವರ್ಷದ ಮಾತನ್ನು ಯಾರೂ ಎತ್ತುವುದಿಲ್ಲ.

ನೀನು ಕಾಲೇಜಿನಲ್ಲಿ ಮೊದಲ ಸಲ ನನ್ನ ಡಬ್ಬಿಯಿಂದ ಒಣ ಶೆಟ್ಲಿ ಮೀನಿನ ಚಟ್ನಿ ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು, "ದಿನಾ ತಾ" ಎಂದಿದ್ದೆ. ಆಮೇಲೆ ವರ್ಷವಿಡೀ ಎರಡು ಡಬ್ಬಿ ಹೊತ್ತು ತಂದೆ. ಹಸಿವು ಜಾಸ್ತಿಯಾಗಿದೆ ಎಂದು ಅವ್ವಿಗೆ ಸುಳ್ಳು ಹೇಳಿದ್ದೆ. "ಬೆಳೆಯೂ ಪ್ರಾಯ, ತಿನ್ನು" ಎಂದು ಅವಳು ಇನ್ನೊಂದು ಮುಷ್ಟಿ ಅನ್ನ ಒತ್ತಿ ತುಂಬುತ್ತಿದ್ದಳು. ಈಗ ಅದೆಲ್ಲ ಅವಳಿಗೆ ಗೊತ್ತಾಗಿದೆ. ಬಸ್ಸು ಇಳಿಯುವ ಹೊತ್ತಿಗೆ, "ಆ ಅನ್ನ ತಿಂದದ್ದು ಅವನಾ?" ಎಂದು ಕೇಳಿದಳು. ನಾನು ಹೌದೆಂದೆ.

ಹನುಮಕ್ಕನ ಹೆಸರಿಗೆ ಬರೆ. ಅವಳಿಗೆ ಓದಲು ಬರುವುದಿಲ್ಲ, ಒಡೆಯದೆ ನನಗೇ ಕೊಡುತ್ತಾಳೆ.

ನಿನ್ನ
ವಿನು


ಜಾಲಿ, ಭಟ್ಕಳ
3 ಜುಲೈ 2022

ವಿನು,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಶೋರೂಮಿನಲ್ಲಿ ಗಿರಾಕಿಗೆ ಬೈಕಿನ ಬೆಲೆ ಹೇಳುವಾಗಲೂ ಅದು ಜೇಬಿನಲ್ಲೇ ಇರುತ್ತದೆ.

ನೀನು ಅಳಬೇಡ. ಅತ್ತರೆ ನಿನ್ನ ಮೂಗು ಕೆಂಪಾಗುತ್ತದೆ, ಆಗ ಎರಡು ಮೈಲಿ ದೂರದಿಂದಲೂ ಗೊತ್ತಾಗುತ್ತದೆ. ನಾನು ಮನೆಯಲ್ಲಿ ಹೇಳಿಯೇ ಬಿಡುತ್ತೇನೆ. ಅಪ್ಪ ಹೊರಗೆ ಬಿಗಿ, ಒಳಗೆ ಹಾಗಿಲ್ಲ. ಸಹಕಾರಿ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಮೈಕು ಸಿಕ್ಕಿದರೆ ಸಾಕು, ಮನುಷ್ಯರೆಲ್ಲ ಒಂದೇ ಎಂದು ಭಾಷಣ ಮಾಡುವವರು ಅವರು. ಜನ ಚಪ್ಪಾಳೆ ಹೊಡೆಯುತ್ತಾರೆ. ಅಂಥವರು ತಮ್ಮ ಮಗನ ವಿಷಯದಲ್ಲಿ ಬೇರೆ ಹೇಳುತ್ತಾರೆಯೇ? ಅಮ್ಮ ಒಂದೆರಡು ದಿನ ಮುಖ ಊದಿಸಿಕೊಳ್ಳಬಹುದು. ನಾನು ಒಬ್ಬನೇ ಮಗ. ಎಷ್ಟು ದಿನ ಊದಿಸಿಕೊಂಡಾಳು?

ಮದುವೆಯಾದ ಮೇಲೆ ನಿನ್ನ ಡಿಗ್ರಿ ಮುಗಿಯುವ ಹಾಗೆ ನಾನು ನೋಡಿಕೊಳ್ಳುತ್ತೇನೆ. ಇದು ನನ್ನ ಮಾತು.

ನಿನ್ನವನೇ ಆದ
ಗುರುದತ್ತ


ಕಾಸರಕೋಡ, ಹೊನ್ನಾವರ
21 ಆಗಸ್ಟ್ 2022

ವಿನು ಮಗಾ,

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ ಇದು. ತಪ್ಪಿದ್ದರೆ ತಿದ್ದಿಕೊಂಡು ಓದು.

ಆ ಹುಡುಗನ ಅಪ್ಪ ನಿತ್ಯಾನಂದ ಎನ್ನುವವರು ನಮ್ಮ ಮನೆಗೆ ಬಂದಿದ್ದರು. ಅವತ್ತು ಅಪರೂಪಕ್ಕೆ ಬಿಸಿಲು ಬಿದ್ದಿತ್ತು, ನಾನು ಅಂಗಳದಲ್ಲಿ ತಾರ್ಲೆ ಮೀನು ಒಣಗಲು ಹರಡಿದ್ದೆ. ಅವರು ಕಾರಿನಿಂದ ಇಳಿದವರೇ ಕರವಸ್ತ್ರ ಮೂಗಿಗೆ ಒತ್ತಿಕೊಂಡರು. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ನಾನು ನೀರು ತಂದೆ. ಲೋಟ ನೋಡಿದರು, ಲೋಟ ಹಿಡಿದ ನನ್ನ ಕೈ ನೋಡಿದರು. "ಬೇಡ, ಈಗಷ್ಟೇ ಕುಡ್ಕಂಡು ಬಂದೆ" ಎಂದರು. ಮತ್ತೆ ಅಪ್ಪನಿಗೆ ಹೇಳಿದರು: "ನಿಮ್ಮ ಹುಡುಗಿ ಭಾರೀ ಚುರುಕು ಅಂತ ಕೇಳ್ದೆ. ನಮ್ಮ ಹುಡುಗ ಪೆದ್ದ. ನೀವೇ ನಿಮ್ಮ ಹುಡುಗೀಗೆ ಬುದ್ಧಿ ಹೇಳಿ, ಆತಾ?"

ಅಪ್ಪ ಬಲೆ ಹರಿದಲ್ಲಿ ಗಂಟು ಹಾಕುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಕಾರು ಹೋದ ಮೇಲೆ, "ನಾವು ಹಿಡ್ದ ಬಂಗಡೆ ಅವರ ಸಾರಿಗೆ ಆಗ್ತದೆ. ನಾವು ಆಗೂದಿಲ್ಲ" ಎಂದರು.

ಮಗಾ, ನನಗೆ ಆ ಹುಡುಗನ ಮೇಲೆ ಸಿಟ್ಟಿಲ್ಲ. ನನ್ನ ಮನೆಯ ಅನ್ನ ತಿಂದವನು. ಆದರೆ ಆ ಮನೆಗೆ ನೀನು ಹೋದರೆ ಜೀವನವಿಡೀ ಕೈ ತೊಳೆಯುತ್ತ ಇರಬೇಕಾಗುತ್ತದೆ. ಎಷ್ಟು ತೊಳೆದರೂ ಅವರು ಮೂಸಿ ನೋಡುತ್ತಾರೆ.

ಟೊಂಕ ಕೇರಿಯ ಶನಿಯಾರ ತನ್ನ ಮಗ ಅಜಯನಿಗೆ ನಿನ್ನನ್ನು ಕೇಳಿದ್ದಾನೆ. ಸ್ವಂತ ಬೋಟಿದೆ, ಹುಡುಗ ಕುಡಿಯುವುದಿಲ್ಲ. ಗಣೇಶ ಚೌತಿಯೊಳಗೆ ಮಾತು ಕೊಡಬೇಕೆಂದು ಅಪ್ಪ ಹೇಳುತ್ತಿದ್ದಾರೆ. ನೀನು ಬಂದು ಒಂದು ಸಲ ನೋಡು.

ನಿನ್ನ ಅವ್ವಿ
ನಾಗಿ


ಕುಮಟಾ
28 ಆಗಸ್ಟ್ 2022

ಅವ್ವಿ,

ನಾನು ಬರುವುದಿಲ್ಲ. ಅಜಯನ ಮುಂದೆ ನನ್ನನ್ನು ಕೂರಿಸಿದರೆ ಅಲ್ಲೇ, ಎಲ್ಲರೆದುರು ಗುರುವಿನ ಹೆಸರು ಹೇಳುತ್ತೇನೆ. ಆಮೇಲೆ ಅಪ್ಪ ಬಂದರಿನಲ್ಲಿ ಹೇಗೆ ತಲೆ ಎತ್ತುತ್ತಾರೋ ಅವರೇ ನೋಡಿಕೊಳ್ಳಲಿ.

ನಿನಗೆ ಅವರ ಕೈಯಲ್ಲಿದ್ದ ಕರವಸ್ತ್ರ ಮಾತ್ರ ಕಂಡಿತು. ನಾನು ಇಲ್ಲಿ ಮೂರು ತಿಂಗಳಿಂದ ಹೇಗಿದ್ದೇನೆಂದು ಒಂದು ಸಾಲು ಕೇಳಲಿಲ್ಲ. ನೀನು ಅಪ್ಪನನ್ನು ಕಟ್ಟಿಕೊಂಡದ್ದು ನಿನ್ನ ಅಪ್ಪ ಹೇಳಿದನೆಂದು. ಹಾಗೆ ಕಟ್ಟಿಕೊಂಡು ಎಷ್ಟು ಸುಖಪಟ್ಟೆ? ಮೀನಿನ ಬುಟ್ಟಿ ಹೊತ್ತು ಹೊತ್ತು ನಿನ್ನ ನೆತ್ತಿಯ ಕೂದಲು ಉದುರಿದೆ. ನನಗೂ ಅದೇ ಬೇಕೆನ್ನುತ್ತೀಯಾ?

ವಿನುತಾ


ಜಾಲಿ, ಭಟ್ಕಳ
15 ಜನವರಿ 2023

ನನ್ನ ವಿನು,

ಗೆದ್ದೆವು!

ಕಳೆದ ಕೆಲವು ತಿಂಗಳು ಇಲ್ಲಿ ಏನೇನು ನಡೆಯಿತೆಂದು ನಿನಗೆ ಬರೆದಿರಲಿಲ್ಲ. ಹುಡುಗಿ ಯಾರೆಂದೂ ಕೇಳದೆ ಅಮ್ಮ ಊಟ ಬಿಟ್ಟಳು. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ನಾನೂ ಹಟ ಹಿಡಿದೆ. ಕೊನೆಗೆ ಇವತ್ತು ಸಂಕ್ರಾಂತಿಯ ಎಳ್ಳು ಬೆಲ್ಲ ಕೈಗೆ ಕೊಟ್ಟು ಅಪ್ಪ, "ಆತು. ಹುಡುಗಿ ಬರ್ಲಿ" ಎಂದರು.

ಒಂದೇ ಒಂದು ಮಾತಿದೆ. ಓದಿ ಕೂಡಲೇ ಸಿಟ್ಟಾಗಬೇಡ. ಅಮ್ಮನಿಗೂ ನಮ್ಮ ನೆಂಟರಿಗೂ ನೀನು ಕುಮಟಾದ ಹಾಸ್ಟೆಲಿನಲ್ಲಿ ಬೆಳೆದ ಅನಾಥ ಹುಡುಗಿ ಎಂದು ಹೇಳುತ್ತಾರಂತೆ. ಅಪ್ಪ ಅಮ್ಮ ಚಿಕ್ಕಂದಿನಲ್ಲೇ ತೀರಿಕೊಂಡರು, ಜಾತಿ ಗೊತ್ತಿಲ್ಲ. ಹಾಗಾದರೆ ಯಾರೂ ಹೆಚ್ಚು ಕೆದಕುವುದಿಲ್ಲ. ಮದುವೆ ಶಿರಸಿ ಕಡೆಯ ಒಂದು ದೇವಸ್ಥಾನದಲ್ಲಿ. ನಿಮ್ಮ ಮನೆಯವರು ಬರಬಾರದು. ಆಮೇಲೂ ಬಂದುಹೋಗುವುದು ಬೇಡ. ಸ್ವಲ್ಪ ವರ್ಷ ಅಷ್ಟೇ, ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ.

ಯೋಚಿಸಿ ನೋಡು. ನಿನ್ನ ಅಪ್ಪ ನಿನ್ನನ್ನು ಮನೆಯಿಂದ ಹೊರಗೆ ಹಾಕಿ ಏಳು ತಿಂಗಳಾಯಿತು. ಅವರು ಕಳೆದುಕೊಳ್ಳುವುದು ಏನಿದೆ? ಒಂದು ಸುಳ್ಳಿನಿಂದ ಎರಡು ಜೀವ ಒಂದಾಗುವುದಾದರೆ ಅದು ಸುಳ್ಳೇ ಅಲ್ಲ.

ನಿನ್ನ ಉತ್ತರಕ್ಕೆ ಕಾಯುತ್ತಿರುವ
ಗುರು


ಕುಮಟಾ
19 ಫೆಬ್ರುವರಿ 2023

ಅವ್ವಿಗೆ,

ಒಂದು ತಿಂಗಳಿಂದ ಬರೆಯುತ್ತೇನೆ, ಹರಿಯುತ್ತೇನೆ. ಇವತ್ತು ಮುಗಿಸಿಯೇ ಏಳಬೇಕೆಂದು ಕೂತಿದ್ದೇನೆ.

ಏಪ್ರಿಲ್ ತಿಂಗಳಲ್ಲಿ ನನ್ನ ಮದುವೆ. ಅವರ ಮನೆಯವರು ಒಪ್ಪಿದ್ದಾರೆ. ನೀವು ಯಾರೂ ಬರಬಾರದು ಎಂಬ ಷರತ್ತಿನ ಮೇಲೆ ಒಪ್ಪಿದ್ದಾರೆ. ಅವರ ಕಡೆಯವರಿಗೆ ನಾನು ಅನಾಥೆ ಎಂದು ಹೇಳಿದ್ದಾರೆ. ನಾನೂ ಆಗಲಿ ಎಂದಿದ್ದೇನೆ.

ದೊಡ್ಡವ್ವಿಗೆ ಹೇಳಿದಾಗ ಅವಳು ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಹೊರಗೆ ಹೋಗಿ ಕೂತಳು. ನೂರು ಹುಡುಗಿಯರ ಸಾರು ತಳ ಹಿಡಿಯಿತು. "ನಿನ್ನವ್ವಿ ಬದುಕಿದ್ದಾಳೆ ಹುಡುಗಿ" ಎಂದಳು. ಅದು ನನಗೆ ಗೊತ್ತಿಲ್ಲವೇ?

ಅವ್ವಿ, ನನಗೆ ಇಪ್ಪತ್ತು ವರ್ಷ. ಅವನಿಲ್ಲದೆ ಇರಲು ನನ್ನಿಂದಾಗುವುದಿಲ್ಲ. ಇಷ್ಟನ್ನು ಬಿಟ್ಟು ಹೇಳಲು ಬೇರೆ ಕಾರಣವಿಲ್ಲ. ಸ್ವಲ್ಪ ವರ್ಷದ ಮಾತು. ಒಂದು ಮಗುವಾದರೆ ಅವರೂ ಮೆತ್ತಗಾಗುತ್ತಾರೆ. ಆಗ ನಾನೇ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ಮುಂಬಾಗಿಲಿನಿಂದ.

ಬೈದಾದರೂ ಒಂದು ಸಾಲು ಬರೆ.

ವಿನು


ಕಾಸರಕೋಡ
6 ಮಾರ್ಚ್ 2023

ವಿನುತಾ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. "ಅನಾಥೆ ಅಂತ ಹೇಳ್ಲಿ. ನನ್ ಮಟ್ಟಿಗೆ ಸುಳ್ಳಲ್ಲ" ಎಂದು ಎದ್ದು ಬಂದರಿಗೆ ಹೋದರು. ಆ ದಿನ ಊಟಕ್ಕೆ ಬರಲಿಲ್ಲ.

ನಾವು ಬರುವುದಿಲ್ಲ. ನೀನು ಹೆದರಬೇಡ.

ನಾನು ಎಂತದ್ರಲ್ಲಿ ಸತ್ತೆ ಎಂದು ಹೇಳುತ್ತಾರೆ? ತಿಳಿಸು. ಮಾರ್ಕೆಟ್ಟಿಗೆ ನಾಲ್ಕು ಊರಿನವರು ಬರುತ್ತಾರೆ. ಯಾರಾದರೂ ಕೇಳಿದರೆ ನನಗೂ ಗೊತ್ತಿರಬೇಕಲ್ಲ.

ನಾಗಿ


ಜಾಲಿ, ಭಟ್ಕಳ
13 ಆಗಸ್ಟ್ 2023

ಅವ್ವಿ,

ಈ ಕಾಗದ ದೊಡ್ಡವ್ವಿಯ ಕೈಯಿಂದ ನಿನಗೆ ಬರುತ್ತದೆ. ನೀನೂ ಉತ್ತರ ಬರೆದು ಅವಳಿಗೇ ಕೊಡು. ಲಕೋಟೆಯ ಮೇಲೆ ಅವಳ ಹೆಸರಿರಲಿ. ಹಾಸ್ಟೆಲಿನಲ್ಲಿ ನನ್ನನ್ನು ನೋಡಿಕೊಂಡ ಅಡುಗೆಯವಳು ಎಂದು ಇಲ್ಲಿ ಹೇಳಿದ್ದಾರೆ, ಹಾಗಾಗಿ ಯಾರೂ ಒಡೆಯುವುದಿಲ್ಲ. ಫೋನು ಮಾಡಬೇಡ. ನನ್ನ ಫೋನು ಅತ್ತೆ ನೋಡುತ್ತಿರುತ್ತಾರೆ.

ನೀನು ಕೇಳಿದ್ದೆಯಲ್ಲ: ನೀವಿಬ್ಬರೂ ಬಸ್ಸು ಉರುಳಿ ಸತ್ತಿರಿ. ಮದುವೆಯ ಮನೆಯಲ್ಲಿ ಯಾರೋ ಕೇಳಿದಾಗ ಮಾವ ಹೇಳಿಬಿಟ್ಟರು. ನಾನು ಪಕ್ಕದಲ್ಲೇ ಅರಿಶಿನದ ಸೀರೆಯಲ್ಲಿ ನಿಂತಿದ್ದೆ. ಮಾವನ ಸ್ನೇಹಿತರೊಬ್ಬರು ಧಾರೆ ಎರೆದರು. ಆಮೇಲೆ ಎಲ್ಲರೂ ಮಾವನ ಕೈ ಹಿಡಿದು, "ಅನಾಥ ಹುಡುಗಿಗೆ ಬಾಳು ಕೊಟ್ರಿ, ನಿತ್ಯಾನಂದಣ್ಣ, ನಿಮ್ಮಂಥವರು ಎಲ್ಲಿದ್ದಾರೆ" ಎಂದರು. ಸೊಸೈಟಿಯಲ್ಲಿ ಅವರಿಗೆ ಶಾಲು ಹೊದಿಸಿದರು. ಆ ಫೋಟೋ ನಡುಮನೆಯಲ್ಲಿ ತೂಗುಹಾಕಿದೆ. ಶಾಲಿನ ಮಾವ, ಪಕ್ಕದಲ್ಲಿ ಕೈಮುಗಿದು ನಿಂತ ನಾನು.

ಗುರು ಒಳ್ಳೆಯವನು. ಶೋರೂಮಿನಿಂದ ಬರುವಾಗ ನನಗೆಂದು ಏನಾದರೂ ತರುತ್ತಾನೆ. ಡಿಗ್ರಿಯ ಮಾತು ಎತ್ತಿದರೆ, "ಈಗ ಬೇಡ, ಅಪ್ಪನ ಮನಸ್ಸು ಈಗಷ್ಟೇ ಸರಿಯಾಗಿದೆ" ಎನ್ನುತ್ತಾನೆ. ಮನೆಯಲ್ಲಿ ದಿನವೂ ಮೀನಿದೆ. ನಾನು ಬಂಗಡೆ ಹೆಚ್ಚುವ ಕೈವೇಗ ನೋಡಿ ಅತ್ತೆ, "ನಿಧಾನ ಮಾಡು, ಜನ ನೋಡಿದ್ರೆ ಎಂತ ತಿಳಕೊಂಬುದು?" ಎಂದರು. ಈಗ ಹೊಸದಾಗಿ ಕಲಿಯುವವಳ ಹಾಗೆ ಹೆಚ್ಚುತ್ತೇನೆ.

ನನಗೆ ಮೂರು ತಿಂಗಳು. ಅಪ್ಪನಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ನಿನ್ನ ಮಗಳು
ವಿನುತಾ


ಜಾಲಿ, ಭಟ್ಕಳ
20 ಜನವರಿ 2024

ಅವ್ವಿ,

ನೀನು ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಆದರೂ ಬರೆಯುತ್ತಿದ್ದೇನೆ, ನಾಚಿಕೆ ಬಿಟ್ಟು.

ದಿನ ಹತ್ತಿರ ಬಂತು. ನನಗೆ ಭಯ. ಚೊಚ್ಚಲ ಹೆರಿಗೆಗೆ ಎಲ್ಲರೂ ತವರಿಗೆ ಹೋಗುತ್ತಾರೆ. ನನ್ನ ಬಯಕೆ ಶಾಸ್ತ್ರಕ್ಕೆ ಬಂದ ಹೆಂಗಸರೆಲ್ಲ ಅದನ್ನೇ ಹೇಳಿ ಹೇಳಿ ಕಣ್ಣೊರೆಸಿಕೊಂಡರು. ಅತ್ತೆಗೆ ಸೊಂಟನೋವು. ಬಾಣಂತಿಗೂ ಮಗುವಿಗೂ ನೀರು ಹಾಕಲು ಒಬ್ಬ ಹೆಂಗಸನ್ನು ಹುಡುಕುತ್ತಿದ್ದಾರೆ.

ನೀನೇ ಬಂದರೆ?

ಗುರುವಿನ ಹತ್ತಿರ ಅತ್ತು ಕೇಳಿದೆ. ಅವನು ಮಾವನನ್ನು ಕೇಳಿದ. ಮಾವ, "ಕೆಲಸದವಳಾಗಿ ಬರ್ಲಿ, ಕೆಲಸದವಳಾಗಿ ಹೋಗ್ಲಿ" ಎಂದರಂತೆ. ಅತ್ತೆ ಆ ಬಸ್ಸಿನ ಕತೆಯನ್ನೇ ನಂಬಿದ್ದಾರೆ, ಅವರಿಗೆ ಹೇಳುವುದಿಲ್ಲ. ಹೊನ್ನಾವರದ ಕಡೆಯ ನಾಗಮ್ಮ ಎಂದಷ್ಟೇ ಹೇಳುತ್ತಾರೆ. ಬಚ್ಚಲಿನ ಬಾಗಿಲು ಹಾಕಿದ ಮೇಲೆ ನಾವಿಬ್ಬರೇ, ಅವ್ವಿ. ದಿನಕ್ಕೆ ಅಷ್ಟು ಹೊತ್ತಾದರೂ ಸಿಗುತ್ತದೆ.

ಇದು ಕೇಳಬಾರದ್ದು ಎಂದು ಗೊತ್ತಿದೆ. ಬೇರೆ ಯಾರ ಕೈಯೂ ನನ್ನ ಮೈಮೇಲೆ ಬೇಡ ಅನ್ನಿಸುತ್ತಿದೆ.

ವಿನು


ಕಾಸರಕೋಡ
17 ಮಾರ್ಚ್ 2024

ವಿನುತಾ ಅವರಿಗೆ,

ಮಗುವಿನ ಹೆಸರಿಡುವ ದಿನವೇ ನಾನು ಹೇಳದೆ ಹೊರಟುಬಂದೆ. ನಲವತ್ತು ದಿನ ಇರುತ್ತೇನೆಂದು ಒಪ್ಪಿದವಳು ನಡುವೆ ಬಿಟ್ಟೆ ಎಂದು ನಿಮ್ಮ ಅತ್ತೆ ಬೈದಿರಬಹುದು. ಅದಕ್ಕೆ ಕಾರಣ ಬರೆಯುತ್ತೇನೆ.

ಬಂದ ಮೊದಲ ದಿನ ಬಚ್ಚಲಿನ ಬಾಗಿಲು ಹಾಕಿದ ಕೂಡಲೇ ನೀನು ನನ್ನ ಸೊಂಟ ತಬ್ಬಿ ಅವ್ವಿ ಅಂದೆ. ಹೊರಗೆ ಕೇಳಬಾರದೆಂದು ನಾನು ಹಂಡೆಯಿಂದ ನೀರು ಮೊಗೆದು ಸುರಿಯುತ್ತಲೇ ಇದ್ದೆ. ನಿನ್ನ ಬೆನ್ನಿಗೆ ಎಣ್ಣೆ ತಿಕ್ಕುವಾಗ ನನಗೆ ಎಲ್ಲ ಮರೆತುಹೋಯಿತು. ಅಪ್ಪನಿಗೆ ಮುರ್ಡೇಶ್ವರದಲ್ಲಿ ಕೆಲಸ ಸಿಕ್ಕಿದೆ ಎಂದು ಸುಳ್ಳು ಹೇಳಿ ಬಂದದ್ದು, ಹಿಂದಿನ ಕೊಟ್ಟಿಗೆಯಲ್ಲಿ ಮಲಗಿದ್ದು, ಅಡುಗೆಮನೆಯ ಹೊರಗೆ ಕೂತು ಉಂಡದ್ದು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಮಗುವನ್ನು ಕಾಲಮೇಲೆ ಮಲಗಿಸಿ ಮೀಸುವಾಗ ಅದು ನನ್ನ ಹೆಬ್ಬೆರಳು ಹಿಡಿದುಕೊಳ್ಳುತ್ತಿತ್ತು. ಅಷ್ಟು ಸಾಕೆಂದುಕೊಂಡಿದ್ದೆ. ಬಾಗಿಲು ತೆರೆದ ಕೂಡಲೇ ನೀನು "ನಾಗಮ್ಮ, ಬಟ್ಟೆ ತನ್ನಿ" ಎನ್ನುತ್ತಿದ್ದೆ. ಅದೂ ಇರಲಿ ಎಂದುಕೊಂಡೆ.

ಹೆಸರಿಡುವ ದಿನ ನಿಮ್ಮ ಮಾವನ ಅಕ್ಕ ತಿಮ್ಮಕ್ಕ ಬಂದಿದ್ದರು. ನಾನು ಹಿಂದಿನ ಜಗಲಿಯಲ್ಲಿ ಕೂತಿದ್ದೆ. ಮಗು ಅತ್ತಿತೆಂದು ನಿಮ್ಮ ಅತ್ತೆ ನನ್ನನ್ನು ಒಳಗೆ ಕರೆದರು. ನಾನು ತೊಟ್ಟಿಲಿನ ಪಕ್ಕ, ನೀನು ಮಣೆಯ ಮೇಲೆ. ತಿಮ್ಮಕ್ಕ ನನ್ನ ಮುಖ ನೋಡಿದರು, ನಿನ್ನ ಮುಖ ನೋಡಿದರು. "ಅಯ್ಯೋ, ಈ ನೀರು ಹಾಕೂ ಹೆಂಗಸಿನ ಗಲ್ಲ ನೋಡಿ, ನಮ್ಮ ವಿನುತಂದೇ ಹಾಂಗೆ ಇತ್ತಲ್ಲ!" ಎಂದರು. ನಿಮ್ಮ ಮಾವ ಶಾಲು ಸರಿಮಾಡಿಕೊಂಡರು. ಗುರುದತ್ತ ಎಲೆ ಅಡಿಕೆಯ ತಟ್ಟೆ ನೋಡತೊಡಗಿದ.

ನನಗೆ ಆಗ ಒಂದು ಆಸೆ ಬಂತು. ಸುಳ್ಳೇಕೆ, ಬಂತು. ಈಗ ಇವಳು ಹೇಳುತ್ತಾಳೆ ಎಂದುಕೊಂಡೆ.

ನೀನು ನಕ್ಕೆ. "ಎಲ್ಲಿಯ ಮಾತು ತಿಮ್ಮಕ್ಕತ್ತೆ, ಇವರಿಗೂ ನಂಗೂ ಎಂತ ಸಂಬಂಧ?" ಎಂದೆ.

ಎಲ್ಲರೂ ನಕ್ಕರು. ನಿಮ್ಮ ಅತ್ತೆ ಕಣ್ಣೊರೆಸಿಕೊಂಡು, "ಪಾಪ, ಹೆತ್ತವಳು ಇದ್ದಿದ್ರೆ ಇವತ್ತು ಎಷ್ಟು ಖುಷಿ ಪಡ್ತಿತ್ತು" ಎಂದರು. ಆ ಹೆಂಗಸಿಗೆ ಏನೂ ಗೊತ್ತಿಲ್ಲ. ಆ ಮನೆಯಲ್ಲಿ ನನಗಾಗಿ ಕಣ್ಣೀರು ಹಾಕಿದವರು ಅವರೊಬ್ಬರೇ. ಆಮೇಲೆ ನಿಮ್ಮ ಮಾವ ಒಂದು ಸೀರೆಯನ್ನು ಮೇಲಿಂದಲೇ ನನ್ನ ಸೆರಗಿಗೆ ಬಿಟ್ಟರು, ಕೈ ತಾಗದ ಹಾಗೆ. ಅದನ್ನು ಕೊಟ್ಟಿಗೆಯ ಗೂಟಕ್ಕೆ ಹಾಕಿ ಬಸ್ಸು ಹತ್ತಿದೆ.

ನೀನು ಬಾಯಿತಪ್ಪಿ ಹೇಳಿದ್ದರೆ ಮರೆಯಬಹುದಿತ್ತು. ನಕ್ಕು ಹೇಳಿದೆ. ಅದನ್ನು ಎಲ್ಲಿಡಲಿ?

ಇನ್ನು ಕಾಗದ ಬೇಡ.

ನಾಗಮ್ಮ


ಭಟ್ಕಳ
10 ಏಪ್ರಿಲ್ 2024

ನಾಗಮ್ಮನವರಿಗೆ ನಮಸ್ಕಾರ.

ನೀವು ಬಂದು ಮಾಡಿದ ಉಪಕಾರಕ್ಕೆ ನಾವು ಋಣಿಗಳು. ಮಗು ಆರೋಗ್ಯವಾಗಿದ್ದಾನೆ.

ವಿನುತಾಳಿಗೆ ನೀವು ಬರೆದ ಕಾಗದ ಓದಿದೆ. ಅದನ್ನು ಓದಿದ ಮೇಲೆ ಅವಳು ಊಟ ಸರಿಯಾಗಿ ಮಾಡುತ್ತಿಲ್ಲ, ಹಾಲು ಕಡಿಮೆಯಾಗಿದೆ. ಮಗುವಿನ ದೃಷ್ಟಿಯಿಂದಲಾದರೂ ನೀವು ಇನ್ನು ಬರೆಯಬಾರದು, ಈ ಕಡೆ ಬರಲೂ ಬಾರದು. ತಿಮ್ಮಕ್ಕತ್ತೆ ಅಲ್ಲಿ ಇಲ್ಲಿ ಕೇಳತೊಡಗಿದ್ದಾರೆ. ಅಪ್ಪನಿಗೆ ಬರುವ ವರ್ಷ ಸೊಸೈಟಿ ಚುನಾವಣೆ ಇದೆ.

ನೀವು ನನ್ನನ್ನು ತಪ್ಪು ತಿಳಿಯುವುದಿಲ್ಲವೆಂದು ನಂಬಿದ್ದೇನೆ. ಕಾಲೇಜಿನ ದಿನಗಳಲ್ಲಿ ನಿಮ್ಮ ಕೈಯ ಅಡುಗೆ ಉಂಡದ್ದನ್ನು ನಾನು ಮರೆತಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಗುರುದತ್ತ


ಕುಮಟಾ
14 ಜುಲೈ 2024

ಗುರುದತ್ತ,

ನಾನೂ ಮಗುವೂ ದೊಡ್ಡವ್ವಿಯ ಹತ್ತಿರ ಇದ್ದೇವೆ. ಹುಡುಕಾಡಬೇಡ. ನೀನು ಹುಡುಕಾಡುತ್ತಿಲ್ಲ ಎಂದೂ ಗೊತ್ತಿದೆ. ಹುಡುಕಬೇಕಾದರೆ ಯಾರ ಮನೆಯಲ್ಲಿ ಎಂದು ಜನರಿಗೆ ಹೇಳಬೇಕಾಗುತ್ತದೆ.

ನೀನು ಅವ್ವಿಗೆ ಬರೆದ ಕಾಗದ ಇಲ್ಲಿಗೆ ಬಂದ ಮೇಲೆ ಓದಿದೆ. ಅವಳು ದೊಡ್ಡವ್ವಿಗೆ ಕೊಟ್ಟು, "ಇಟ್ಕೊ, ನನ್ ಮನೇಲಿ ಬೇಡ" ಎಂದಿದ್ದಳಂತೆ. ಆದರೆ ನಾನು ಹೊರಟುಬಂದದ್ದು ಅದಕ್ಕಲ್ಲ.

ಆ ಭಾನುವಾರ ನಾನು ಕೇಳಿದ್ದು ಒಂದೇ: ಮಗುವನ್ನು ಒಂದು ಸಲ ಕಾಸರಕೋಡಿಗೆ ಒಯ್ದು ಅಪ್ಪನಿಗೆ ತೋರಿಸಿ ಬರೋಣ. ನೀನು ಆಗ ಈಗ ಎಂದೆ. ನಾನು ದನಿ ಏರಿಸಿದೆ, ಹಾಗಾದರೆ ನಾನೊಬ್ಬಳೇ ಹೋಗುತ್ತೇನೆ ಎಂದೆ. ಆಗ ನೀನು, "ಹೋಗ್ತೆ ಅಂದ್ರೆ ಎಲ್ಲಿ ಹೋಗ್ತೆ? ನಿಂಗೆ ಯಾರಿದ್ದಾರೆ?" ಎಂದೆ.

ನಾನು ನಿನ್ನ ಮುಖ ನೋಡಿದೆ. ಚುಚ್ಚಲು ಹೇಳಿದ್ದರೆ ಗೊತ್ತಾಗುತ್ತಿತ್ತು. ನೀನು ನಿಜವಾಗಿಯೂ ಕೇಳಿದ್ದೆ. ಕತೆ ಕಟ್ಟಿದವರು ನೀವೇ, ಅದು ಕತೆಯೆಂಬುದು ನಿನಗೇ ಮರೆತುಹೋಗಿತ್ತು. ಅತ್ತೆ ಎಷ್ಟೋ ಸಲ ಪಕ್ಕದ ಮನೆಯವರಿಗೆ ಹೇಳುವುದನ್ನು ಕೇಳಿದ್ದೆ: "ತವರಿಲ್ಲದ ಹುಡುಗಿ, ಹೇಳಿದ ಹಾಂಗೆ ಕೇಳ್ಕಂಡು ಇರ್ತದೆ." ಅವರಿಗಾದರೆ ಕೊನೆಗೂ ತಿಳಿಸಬಹುದಿತ್ತು. ನಿನಗೆ ಯಾವುದನ್ನು ತಿಳಿಸಲಿ?

ನಿನ್ನನ್ನು ಒಬ್ಬನನ್ನೇ ದೂರುವುದಿಲ್ಲ. ನಾನೂ ಮಣೆಯ ಮೇಲೆ ಕೂತು ನಕ್ಕವಳು. ನೀನು ಎದ್ದು ನಿಂತು ಹೇಳುತ್ತೀಯೆಂದು ನಾನು ಕಾದೆ, ನಾನು ಸುಮ್ಮನಿರುತ್ತೇನೆಂದು ನೀನು ಕಾದೆ. ನೀನು ಕಾದದ್ದು ನಿನಗೆ ಸಿಕ್ಕಿತು.

ನಿನಗೆ ನಾವು ಬೇಕಿದ್ದರೆ ಕಾಸರಕೋಡಿನ ಮನೆಗೆ ಹೋಗು. ಹಗಲು ಹೊತ್ತಿನಲ್ಲಿ, ತಿಮ್ಮಕ್ಕತ್ತೆಯನ್ನು ಜೊತೆಗೆ ಕರೆದುಕೊಂಡು ಹೋಗು. ಅವ್ವಿ ನೀರು ಕೊಟ್ಟರೆ ಕುಡಿ. ಅಷ್ಟು ಆಗದಿದ್ದರೆ ಬರಬೇಡ. ನಿನ್ನ ಮೇಲೆ ಪ್ರೀತಿ ಹೋಗಿದೆಯೆಂದು ಸುಳ್ಳು ಬರೆಯಲಾರೆ. ಇನ್ನೂ ಇದೆ. ಅದೇ ನನಗೆ ಅಸಹ್ಯವಾಗುವುದು.

ವಿನುತಾ, ವೆಂಕಟ ಮತ್ತು ನಾಗಿಯ ಮಗಳು


ಕಾಸರಕೋಡ
11 ಆಗಸ್ಟ್ 2024

ವಿನುತಾ,

ನೀನು ಬಂದಿರುವ ಸುದ್ದಿಯನ್ನು ಅಕ್ಕ ಹೇಳಿದಳು. ನೀನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹಾಸ್ಟೆಲಿನ ಪಾತ್ರೆ ತೊಳೆಯುತ್ತಿರುವುದನ್ನೂ ಹೇಳಿದಳು. ನಾನು ಓಡಿಬರುತ್ತೇನೆಂದು ನೀನು ಕಾದಿದ್ದೀಯಂತೆ. ನಾಲ್ಕು ವಾರವಾಯಿತು, ಬರಲಿಲ್ಲ.

ಅವನನ್ನು ಬಿಟ್ಟು ಬಂದದ್ದು ಸರಿಯೆಂದು ನನ್ನ ಬಾಯಿಂದ ಕೇಳಬೇಕೆಂದಿದ್ದರೆ ನಾನು ಹೇಳುವುದಿಲ್ಲ. ಅವನಿಗಾಗಿ ನಮ್ಮನ್ನು ಸಾಯಿಸಿದೆ. ಈಗ ಅವನೂ ಬೇಡವಾದ. ಸತ್ತದ್ದಕ್ಕೆ ಒಂದು ಬೆಲೆಯಾದರೂ ಇರಲಿ ಎಂದುಕೊಂಡಿದ್ದೆ, ಅದೂ ಹೋಯಿತು. ಅವನು ಬರುತ್ತಾನೆಂದೂ ಕಾಯಬೇಡ. ಇಷ್ಟು ದಿನದಲ್ಲಿ ಈ ಅಂಗಳಕ್ಕೆ ಆ ಕಡೆಯ ಕಾರು ಬಂದಿಲ್ಲ.

ಅಪ್ಪನಿಗೆ ಹೇಳಿದೆ. ನಾನು ಜಾಲಿಗೆ ನೀರು ಹಾಕಲು ಹೋಗಿದ್ದನ್ನೂ ಈಗಲೇ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. "ಹುಡುಗ ಯಾರ ಹಾಂಗಿದ್ದ?" ಎಂದು ಕೇಳಿದರು. "ನಿಮ್ಮ ಹಾಂಗೆ. ಕಿವಿ ನಿಮ್ದೇ" ಎಂದೆ. "ವಿನು ಬಂದ್ರೆ ಬಾಗ್ಲು ತೆಗೀತ್ರಾ?" ಎಂದು ಕೇಳಿದೆ. ಬಲೆ ಹೆಗಲಿಗೆ ಹಾಕಿಕೊಂಡು ಬೋಟಿಗೆ ಹೋದರು. ಇಷ್ಟು ವರ್ಷ ಅವರ ಜೊತೆ ಬಾಳಿದವಳಿಗೂ ಅವರು ತೆಗೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಹಾಗಾಗಿ ಮನೆಗೆ ಬಾ ಎಂದು ನಾನು ಬರೆಯುತ್ತಿಲ್ಲ.

ಬೋಟುಗಳು ಮತ್ತೆ ಕಡಲಿಗೆ ಇಳಿದಿವೆ. ಇಪ್ಪತ್ತೊಂದನೇ ತಾರೀಖು ಬುಧವಾರ ಕುಮಟಾದ ಮೀನು ಮಾರ್ಕೆಟ್ಟಿಗೆ ನಾನು ಬುಟ್ಟಿ ತರುತ್ತೇನೆ. ಮಾರ್ಕೆಟ್ಟು ತುಂಬಿರುವ ಹೊತ್ತಿಗೆ ಬಾ, ಮಗುವನ್ನು ಎತ್ತಿಕೊಂಡು ಬಾ. ಅಲ್ಲಿ ಕುಮಟಾದವರು, ಹೊನ್ನಾವರದವರು, ಭಟ್ಕಳದವರು ಎಲ್ಲ ಇರುತ್ತಾರೆ. ಅಷ್ಟು ಜನರ ನಡುವೆ ಗಟ್ಟಿಯಾಗಿ ನನ್ನನ್ನು ಅವ್ವೀ ಎಂದು ಕರೆ. ಅಷ್ಟು ಸಿಕ್ಕಿದರೆ ಮುಂದಿನದನ್ನು ನೋಡೋಣ.

ಬಾಯಿ ಬರದಿದ್ದರೆ ಕರೆಯಬೇಡ, ಅಳುವುದೂ ಬೇಡ. ಎಲ್ಲರ ಹಾಗೆ ಬೆಲೆ ಕೇಳು. ಒಳ್ಳೆಯದನ್ನೇ ಆರಿಸಿ ಕೊಟ್ಟು ಕಳಿಸುತ್ತೇನೆ.

ನಾಗಿ